ತುಪ್ಪ ಬಡಿಸಿದ ಕೈ

ಹೋದ ತಿಂಗಳು ಪೀಣ್ಯದ ಹಳೆಯ ಸಹೋದ್ಯೋಗಿಯೊಬ್ಬ ಫೋನು ಮಾಡಿದ. ನಮ್ಮ ಕಾರ್ಖಾನೆಯ ತಪಾಸಣೆ ವಿಭಾಗದ ಮುಖ್ಯಸ್ಥನಾಗಿದ್ದವನು, ಈಗ ನಿವೃತ್ತ. "ವಿಷಯ ಗೊತ್ತಾಯ್ತೇನ್ರೀ? ನಮ್ಮ ಮೆಸ್ಸಿನ ಅಕ್ಕ ಹೋಗ್ಬಿಟ್ರಂತೆ. ಪಾಪ, ಅನ್ನಪೂರ್ಣೆ ಕಣ್ರೀ, ಸಾಕ್ಷಾತ್ ಅನ್ನಪೂರ್ಣೆ" ಅಂದ. ನಾನು "ಹೌದಾ" ಎಂದಷ್ಟೇ ಹೇಳಿ ಇಟ್ಟುಬಿಟ್ಟೆ. ಆ ಮಾತು ಬೇರೆ ಯಾರ ಬಾಯಲ್ಲಿ ಬಂದಿದ್ದರೂ ಕಣ್ಣು ಒದ್ದೆಯಾಗುತ್ತಿತ್ತೋ ಏನೋ. ಅವನ ಬಾಯಲ್ಲಿ ಕೇಳಿ ನನಗೆ ವಾಕರಿಕೆ ಬಂತು.

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಆಡುವುದಿಲ್ಲ. ಬದುಕಿರುವವರ ಬಗ್ಗೆ ಆ ನಿಯಮ ಇಲ್ಲವಲ್ಲ. ಆಕೆಯ ಹೆಸರನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಒಂದು ಕಾಲದಲ್ಲಿ ಅದು ಪೀಣ್ಯದ ಟೀ ಅಂಗಡಿಗಳಲ್ಲೆಲ್ಲ ಎಂಜಲಾಗಿ ಬಿದ್ದಿತ್ತು. ಅದನ್ನು ಮತ್ತೆ ಬೀದಿಗೆ ಎಳೆಯುವ ಮನಸ್ಸಿಲ್ಲ.

ತೊಂಬತ್ತರ ದಶಕದ ನಡುಭಾಗ. ದಾವಣಗೆರೆ ಕಡೆಯಿಂದ ಬಂದ ನಾನು ಬೆಂಗಳೂರಿನ ಪೀಣ್ಯದ ಒಂದು ಕಾರ್ಖಾನೆಯ ಟೂಲ್ ರೂಮಿನಲ್ಲಿ ಡ್ರಾಫ್ಟ್ಸ್‌ಮನ್ ಆಗಿದ್ದೆ. ಆಗಿನ ಪೀಣ್ಯ ನನಗೆ ನೆನಪಾಗುವುದೇ ಮೂಗಿನಿಂದ. ಪ್ಲೇಟಿಂಗ್ ಶೆಡ್ಡುಗಳ ಆಸಿಡ್ ಹೊಗೆ, ಲೇತ್ ಮೆಷಿನ್ನುಗಳನ್ನು ತಣ್ಣಗಿಡುವ ಕೂಲೆಂಟು ನೀರು ಹಳಸಿ ಬರುವ ನಾತ, ಒಂದು ದಿನ ಹಸಿರಾಗಿ ಒಂದು ದಿನ ಕಿತ್ತಳೆ ಬಣ್ಣದಲ್ಲಿ ಹರಿಯುವ ಮೋರಿ, ಆ ಮೋರಿಯ ದಡದಲ್ಲೇ ಬೋಂಡಾ ಕರಿಯುವ ಗಾಡಿ. ನನಗೆ ಹುಟ್ಟಿನಿಂದ ಹೇಸಿಗೆ ಜಾಸ್ತಿ. ಬಂದ ಹೊಸದರಲ್ಲಿ ಬನ್ನು, ಬಾಳೆಹಣ್ಣು ತಿಂದು ಬದುಕಿದೆ. ಯಾರೋ ಕನಿಕರಪಟ್ಟು ಆಕೆಯ ಮೆಸ್ಸಿಗೆ ಕರೆದುಕೊಂಡು ಹೋದರು. ನನಗಿಂತ ಹೇಸಿಗೆ ಜಾಸ್ತಿ ಇರುವ ಮನುಷ್ಯರೂ ಈ ಭೂಮಿಯ ಮೇಲಿದ್ದಾರೆ ಅಂತ ಅಲ್ಲಿಗೆ ಹೋದ ದಿನವೇ ಗೊತ್ತಾಯಿತು.

ಅದು ಕೈಗಾರಿಕಾ ಪ್ರದೇಶದ ಮಧ್ಯೆ ಉಳಿದುಕೊಂಡಿದ್ದ ಹಳೆಯ ಹಳ್ಳಿಯ ಒಂದು ಮನೆ. ಸುತ್ತಲಿನ ಹೊಲವೆಲ್ಲ ಶೆಡ್ಡುಗಳಿಗೆ ಹೋಗಿ, ಆಕೆಯ ಪಾಲಿಗೆ ಉಳಿದದ್ದು ಮನೆ, ಮುಂದಿನ ಪಡಸಾಲೆ ಮತ್ತು ಹಿತ್ತಲಲ್ಲಿ ಒಂದು ಎಮ್ಮೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಪಡಸಾಲೆಯಲ್ಲಿ ಕಲ್ಲು ಬೆಂಚು ಹಾಕಿ ನಮ್ಮಂಥ ಒಂಟಿ ಗಂಡಸರಿಗೆ ಮಧ್ಯಾಹ್ನದ ಊಟ ಹಾಕುತ್ತಿದ್ದಳು. ಐವತ್ತರ ಆಸುಪಾಸು, ಒಣಕಲು ಮೈ, ಸದಾ ಏನನ್ನೋ ಮೂಸಿ ನೋಡಿ ಬೇಡವೆಂದವಳ ಹಾಗೆ ಸೊಟ್ಟಗಾದ ಮೂಗು.

ಬಾಗಿಲಲ್ಲೇ ತಡೆದು "ಕೈ ತೋರ್ಸು" ಅಂದಳು. ನನ್ನ ಕೈಯಲ್ಲಿ ಪೆನ್ಸಿಲ್ ಮಸಿ ಬಿಟ್ಟರೆ ಏನೂ ಇರಲಿಲ್ಲ. ಹಿಂದೆ ನಿಂತಿದ್ದ, ಲೇತ್ ನಡೆಸುವ ಟರ್ನರ್ ಒಬ್ಬನ ಕೈಯನ್ನು ಹಿಡಿದು ಮೂಸಿದಳು. "ಥೂ, ಕೂಲೆಂಟು ನಾತ ಒಡೀತೈತೆ. ಮರದ ಪುಡಿ ಆಕ್ಕೊಂಡು ಉಜ್ಜು, ಸೋಪಾಕು, ಆಮೇಲ್ ಬಾ." ಹಿತ್ತಲ ಕಲ್ಲಿನ ಹತ್ತಿರ ಒಂದು ಡಬ್ಬಿಯಲ್ಲಿ ಮರದ ಹೊಟ್ಟು, ಇನ್ನೊಂದರಲ್ಲಿ ಬಟ್ಟೆ ಸೋಪಿನ ಪುಡಿ ಇರುತ್ತಿತ್ತು. ಟೈ ಕಟ್ಟಿದ ಸೂಪರ್‌ವೈಸರುಗಳನ್ನೂ ಆಕೆ ಹಾಗೇ ಹಿಂದಕ್ಕೆ ಕಳಿಸುತ್ತಿದ್ದಳು. ಒಬ್ಬ ಆ ಕಲ್ಲಿನ ಮೇಲೆ ಸಿಂಬಳ ತೆಗೆದಿದ್ದಕ್ಕೆ ಅವನ ತಟ್ಟೆಯನ್ನು ಎತ್ತಿಟ್ಟುಬಿಟ್ಟಳು. ಅವನು ಬಂದು ಬಂದು ಬೇಡಿದ ಮೇಲೆ, "ಸಿಂಬಳ ಬಂದ್ರೆ ಎಲ್ಲಿ ಓಗ್ತೀಯಾ?" ಅಂತ ಎಲ್ಲರೆದುರು ಕೇಳಿ, "ರೋಡಿಗೆ ಅಕ್ಕಾ" ಅಂತ ಅವನ ಬಾಯಲ್ಲಿ ಹೇಳಿಸಿಯೇ ಅನ್ನ ಹಾಕಿದ್ದು.

ಪ್ರೀತಿಯಿಂದ ಬಡಿಸುವವಳಲ್ಲ ಆಕೆ. ಮುದ್ದೆಯನ್ನು ತಟ್ಟೆಗೆ ಎಸೆದ ಹಾಗೆ ಹಾಕುತ್ತಿದ್ದಳು. ತಿನ್ನುವವರನ್ನು ನೋಡುತ್ತಾ ನಿಲ್ಲುತ್ತಿದ್ದಳು, ಅದೂ ಮೆಚ್ಚುಗೆಯಿಂದಲ್ಲ. ಸಾರನ್ನು ಸುರ್ರೆಂದು ಎಳೆದವನಿಗೆ "ಎಮ್ಮೆಗೆ ಕಲಗಚ್ಚು ಇಟ್ಟಂಗಾಯ್ತು" ಅನ್ನುವಳು. ನನಗಂತೂ "ನಿಂ ಕಡೇರು ರೊಟ್ಟಿ ಬಡಿಯೋ ಸದ್ದಿಗೇ ಅರ್ದ ಒಟ್ಟೆ ತುಂಬುಸ್ಕೊಂಬಿಡ್ತೀರಾ, ಅದ್ಕೇ ಇಂಗೆ ಕಡ್ಡಿ ಆಗಿರೋದು" ಅನ್ನುವಳು. ಆದರೆ ಒಂದು ದಿನ ಸಾರಿನ ದೊಡ್ಡ ಪಾತ್ರೆಯಲ್ಲಿ ಜಿರಲೆಯ ಒಂದು ಕಾಲು ಕಂಡಿತು. ಕಂಡವನೇ ಪಿಸುಮಾತಿನಲ್ಲಿ, "ತೆಗೆದು ಹಾಕಿ ಅಕ್ಕಾ, ಯಾರಿಗೂ ಹೇಳಲ್ಲ" ಅಂದ. ಆಕೆ ಆ ಕುದಿಯುವ ಪಾತ್ರೆಯನ್ನು ಎತ್ತಿಕೊಂಡು ಹೋಗಿ ಮೋರಿಗೆ ಸುರಿದಳು. ಆಮೇಲೆ ಎಲ್ಲರಿಗೂ ಉಪ್ಪಿಟ್ಟು ಕೆದಕುತ್ತಾ ಜಿರಲೆಯ ವಂಶವನ್ನೆಲ್ಲ ಬೈದಳು. "ಒಟ್ಟೆಗೆ ಆಕೋದು ಕಣ್ಣಿಗೂ ಇಡಿಸ್ಬೇಕು ಕಣ್ಲಾ" ಅನ್ನುವುದು ಆಕೆಯ ಮಾತು. ಅಡುಗೆಮನೆಗೆ ಬಾಗಿಲೇ ಇರಲಿಲ್ಲ. ಏನು ಹಾಕುತ್ತಾಳೆ, ಏನು ಬೇಯಿಸುತ್ತಾಳೆ, ಕೂತಲ್ಲಿಂದಲೇ ಎಲ್ಲರಿಗೂ ಕಾಣುತ್ತಿತ್ತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆಂದರೆ, ಮುಂದೆ ಅದೇ ಜನ ಏನು ಮಾತಾಡಿದರು ಅನ್ನುವುದನ್ನು ಹೇಳಬೇಕಾಗಿದೆ.

ಅಲ್ಲಿಗೆ ಊಟಕ್ಕೆ ಬರುತ್ತಿದ್ದವರಲ್ಲಿ ಮುನಿರಾಜು ಅಂತ ಒಬ್ಬ. ಆನೇಕಲ್ ಆಚೆಯ ಹಳ್ಳಿಯವನು, ನಮ್ಮ ಕಾರ್ಖಾನೆಯಲ್ಲೇ ಗ್ರೈಂಡಿಂಗ್ ಮೆಷಿನ್ನು ನಡೆಸುತ್ತಿದ್ದ. ನಗುಮುಖದ ಹುಡುಗ, ಮಾತು ಕಮ್ಮಿ. ಅವನಿಗೆ ಉಂಡು ಸ್ವಲ್ಪ ಹೊತ್ತಿಗೆ ಹೊಟ್ಟೆಯಲ್ಲಿ ಏನೋ ಸುರುಳಿ ಸುತ್ತಿ ಹಿಡಿದುಕೊಳ್ಳುತ್ತಿತ್ತು. ಮೊಣಕಾಲಿಗೆ ಹಣೆ ಹಚ್ಚಿ ಕೂರುತ್ತಿದ್ದ. ಕೆಲವು ಸಲ ಎದ್ದು ಮನೆಯ ಹಿಂದೆ ಹೋಗಿ ವಾಂತಿ ಮಾಡುತ್ತಿದ್ದ. ಆಮೇಲೆ ಎಷ್ಟೋ ದಿನ ಏನೂ ಇಲ್ಲ, ಗುಂಡುಕಲ್ಲಿನ ಹಾಗಿರುತ್ತಿದ್ದ. ಡಾಕ್ಟರೊಬ್ಬರು ಆಸಿಡಿಟಿ ಅಂದು ಗುಲಾಬಿ ಬಣ್ಣದ ಔಷಧಿ ಕೊಟ್ಟರು. ಇನ್ನೊಬ್ಬರು ಗಂಟಲಿನಿಂದ ಪೈಪು ಬಿಟ್ಟು ನೋಡಿ ಏನೂ ಇಲ್ಲ ಅಂದರು. ಏನೂ ಇಲ್ಲದೆಯೇ ಅವನು ದಿನದಿನಕ್ಕೆ ಬಿಳಿಚಿಕೊಳ್ಳುತ್ತಾ ಹೋದ. ತುಟಿ ಸುಣ್ಣದ ಬಣ್ಣಕ್ಕೆ ತಿರುಗಿತು.

ವಾಂತಿ ಅಂದರೆ ಆಕೆಗೆ ಆಗುತ್ತಿರಲಿಲ್ಲ. "ನನ್ ಗೋಡೆ ಇಂದೆ ಕಕ್ಕಬ್ಯಾಡ ಕಣ್ಲಾ, ನಂಗೆ ಒಟ್ಟೆ ತೊಳುಸ್ತದೆ" ಅಂತ ಮೂಗಿಗೆ ಸೆರಗು ಹಿಡಿದು ಕೂಗುತ್ತಿದ್ದಳು. ಕೂಗಿದವಳೇ ಮರುದಿನದಿಂದ ಅವನಿಗೆ ಬೇರೆ ಅಡುಗೆ ಶುರು ಮಾಡಿದಳು. ಖಾರವಿಲ್ಲದ ಮೆತ್ತನೆಯ ಅನ್ನ, ಅದಕ್ಕೊಂದು ಬೇರೆ ತಟ್ಟೆ, ನೀರಿಗೆ ಬೇರೆ ಲೋಟ. ತುಪ್ಪ ಕರುಳಿಗೆ ತಂಪು ಅಂತ ಯಾರೋ ಹೇಳಿದ್ದರಂತೆ. ಹಿತ್ತಲ ಎಮ್ಮೆಯ ಬೆಣ್ಣೆ ಕಾಯಿಸಿ, ಮೇಲೆ ಧಾರಾಳವಾಗಿ ತುಪ್ಪ ಬಿಡುತ್ತಿದ್ದಳು. ನಮಗೆ ಯಾರಿಗೂ ಆ ತುಪ್ಪದ ವಾಸನೆ ಬಿಟ್ಟರೆ ಬೇರೇನೂ ದಕ್ಕುತ್ತಿರಲಿಲ್ಲ. "ಏನ್ ಮಗಾ, ಮನೆ ಅಳಿಯಾನಾ?" ಅಂತ ಅವನನ್ನು ರೇಗಿಸುತ್ತಿದ್ದೆವು. ಅವನು ಸಂಕೋಚದಿಂದ ತಲೆ ತಗ್ಗಿಸಿ ಉಣ್ಣುತ್ತಿದ್ದ.

ಅಷ್ಟರಲ್ಲಿ ಅವನ ತಾಯಿ ಊರಿನಿಂದ ಬಂದು, ಇದು ಡಾಕ್ಟರಿಗೆ ಬಗ್ಗುವ ಕಾಯಿಲೆ ಅಲ್ಲ, ಯಾರೋ ಮದ್ದು ಹಾಕಿದ್ದಾರೆ ಅಂತ ತೀರ್ಮಾನಿಸಿದಳು. ಈ ಕಡೆಯ ಹಳ್ಳಿಗಳಲ್ಲಿ ಅದೊಂದು ಗಟ್ಟಿ ನಂಬಿಕೆ. ಆಗದವರು ಊಟದಲ್ಲಿ ಮದ್ದು ಬೆರೆಸಿ ಕೊಡುತ್ತಾರೆ, ಅದು ಕರುಳಿಗೆ ಅಂಟಿಕೊಂಡು ಗಂಟಾಗಿ ಬೆಳೆಯುತ್ತದೆ, ತಿಂದವನು ಸೊರಗಿ ಸೊರಗಿ ಸಾಯುತ್ತಾನೆ. ಒಂದು ಮನೆಗೆ ಮದ್ದು ಹಾಕುವವರು ಅಂತ ಹೆಸರು ಬಿತ್ತೋ, ಆಮೇಲೆ ಆ ಮನೆಯ ನೀರನ್ನೂ ಯಾರೂ ಮುಟ್ಟುವುದಿಲ್ಲ. ಅತ್ತಿಬೆಲೆಯ ಹತ್ತಿರ ಮದ್ದು ಕಕ್ಕಿಸುವವನೊಬ್ಬನಿದ್ದ. ಅವನು ಮುನಿರಾಜುವಿಗೆ ಯಾವುದೋ ಸೊಪ್ಪಿನ ರಸ ಕುಡಿಸಿ, ಮಧ್ಯಾಹ್ನದವರೆಗೆ ವಾಂತಿ ಮಾಡಿಸಿ, "ಬೇರು ಬಿಟ್ಟದೆ, ಪೂರ್ತಿ ಬರಲಿಲ್ಲ. ಒರಗಡೆ ಅನ್ನ ಇಕ್ಕೋ ಕೈ ಇದು" ಅಂದನಂತೆ. ಇದನ್ನು ಮುನಿರಾಜುವೇ ಮೆಸ್ಸಿನಲ್ಲಿ ಕೂತು ನಗುತ್ತಾ ಹೇಳಿದ. ಆಕೆಯೂ ಕೇಳಿಸಿಕೊಂಡಳು. "ಅವನ್ ಸೊಪ್ಪಿನ ರಸ ಕುಡ್ದು ಸಾಯೋ ಬದ್ಲು ದೊಡ್ಡಾಸ್ಪತ್ರೆಗೆ ಓಗೋ ಮುಂಡೇದೆ" ಅಂದು, ಅನ್ನದ ಮೇಲೆ ಎಂದಿನ ಹಾಗೆ ತುಪ್ಪ ಬಿಟ್ಟಳು.

ಅವನು ದೊಡ್ಡಾಸ್ಪತ್ರೆಗೆ ತಾನಾಗಿ ಹೋಗಲಿಲ್ಲ. ಒಂದು ಮಧ್ಯಾಹ್ನ ತಟ್ಟೆಯ ಮುಂದೆಯೇ ಕುಸಿದು ಬಿದ್ದ. ಹೊಟ್ಟೆ ಮಡಕೆಯ ಹಾಗೆ ಬಿರುಸಾಗಿತ್ತು. ಆಕೆ ಒಲೆ ಆರಿಸಿ, ಬೀದಿಯಲ್ಲಿ ಕಬ್ಬಿಣದ ಸರಕು ಇಳಿಸುತ್ತಿದ್ದ ಲಗೇಜು ಆಟೋವನ್ನು ಅಡ್ಡ ಹಾಕಿ, ನನ್ನನ್ನೂ ಅವನನ್ನೂ ಹಿಂದೆ ಹತ್ತಿಸಿ ತಾನೂ ಹತ್ತಿದಳು. ದಾರಿಯುದ್ದಕ್ಕೂ ಅವನಿಗೆ ವಾಂತಿ. ಹಸಿರು, ಆಮೇಲೆ ಹೇಳಬಾರದಂಥ ಬಣ್ಣ, ಹೇಳಬಾರದಂಥ ನಾತ. ನಾನು ಆಟೋದ ಕಂಬಿ ಹಿಡಿದು ಹೊರಗೆ ಮುಖ ಹಾಕಿದ್ದೆ. ತಿರುಗಿ ನೋಡಿದರೆ, ಸಿಂಬಳ ತೆಗೆದವನಿಗೆ ಅನ್ನ ನಿಲ್ಲಿಸಿದ ಹೆಂಗಸು ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸೆರಗನ್ನು ಬೊಗಸೆ ಮಾಡಿ ಬಾಯಿಗೆ ಹಿಡಿದಿದ್ದಳು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದಳು. ನಡುನಡುವೆ ಆಕೆಗೂ ಓಕರಿಕೆ ಬರುತ್ತಿತ್ತು. "ಕಕ್ಕು, ಕಕ್ಕು, ನಾನಿವ್ನಿ" ಅನ್ನುತ್ತಿದ್ದಳು.

ಮರುದಿನ ಆಪರೇಷನ್. ಅಷ್ಟು ಹೊತ್ತಿಗೆ ಮುನಿರಾಜುವಿನ ತಾಯಿ, ಅವನ ಭಾವ ಬಂದಿದ್ದರು. ನಾವು ನಾಲ್ವರೂ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದೆವು. ನಮ್ಮ ಆಸ್ಪತ್ರೆಗಳಲ್ಲಿ ಒಂದು ಪದ್ಧತಿ ಇದೆಯಲ್ಲ, ಒಳಗಿನಿಂದ ಏನನ್ನು ಕತ್ತರಿಸಿ ತೆಗೆದರೋ ಅದನ್ನು ಹೊರಗೆ ತಂದು ಮನೆಯವರಿಗೆ ತೋರಿಸುವುದು. ಸರ್ಜನ್ ಬಂದು, "ಪೇಷೆಂಟ್ ಕಡೆಯವರು ಯಾರ್ರೀ?" ಅಂದರು. ಕೈಯಲ್ಲಿ ಸ್ಟೀಲಿನ ಟ್ರೇ. ಟ್ರೇಯಲ್ಲಿ ಗೇಣುದ್ದದ ಕರುಳು, ಅದರೊಳಗಿಂದ ಹೊರಬಂದ ನಿಂಬೆಹಣ್ಣಿನ ಗಾತ್ರದ ಒಂದು ಗಂಟು. ಗಂಟನ್ನು ಸೀಳಿ ಇಬ್ಭಾಗ ಮಾಡಿದ್ದರು. ಒಳಗೆ ನುಣ್ಣಗೆ, ಹಳದಿಯಾಗಿ ಹೊಳೆಯುತ್ತಿತ್ತು.

"ಗಾಬರಿ ಬೇಡ, ಇದು ಕ್ಯಾನ್ಸರ್ ಥರ ಕಾಣ್ತಿಲ್ಲ. ಟೆಸ್ಟಿಗೆ ಕಳಿಸ್ತೀವಿ, ಆದ್ರೆ ನೋಡಿದ್ರೇ ಗೊತ್ತಾಗುತ್ತೆ, ಲೈಪೋಮಾ, ಕೊಬ್ಬಿನ ಗಂಟು" ಅಂದರು ಸರ್ಜನ್. ತಮ್ಮ ಗೌನಿನ ತೋಳನ್ನು ಒಳಕ್ಕೆ ತುರುಕಿ ತೋರಿಸಿದರು. "ಈ ಗಂಟನ್ನ ಕರುಳು ಮುಂದಕ್ಕೆ ತಳ್ಳೋಕೆ ಹೋಗಿ ತಾನೇ ಒಳಗೊಳಗೆ ಹೀಗೆ ಮಡಚ್ಕೊಂಡಿತ್ತು. ಮೇಲ್ಗಡೆ ಹುಣ್ಣಾಗಿ ರಕ್ತ ಬೇರೆ ಸೋರ್ತಿತ್ತು, ಅದಕ್ಕೇ ಅಷ್ಟು ಬಿಳಿಚ್ಕೊಂಡಿದ್ದು. ಸಣ್ಣ ಕರುಳಲ್ಲಿ ಗಡ್ಡೆ ಬರೋದೇ ಅಪರೂಪ. ಮೇಲಿಂದ ಬಿಟ್ಟ ಪೈಪೂ ಅಲ್ಲಿಗೆ ಮುಟ್ಟಲ್ಲ, ಕೆಳಗಿಂದ ಬಿಟ್ಟದ್ದೂ ಮುಟ್ಟಲ್ಲ. ಇನ್ನೊಂದು ದಿನ ತಡ ಮಾಡಿದ್ರೆ ಕಷ್ಟ ಇತ್ತು."

"ಯಾಕ್ ಬತ್ತದೆ ಸಾರ್ ಇದು?" ಅಂತ ಭಾವ ಕೇಳಿದ.

"ಯಾಕೆ ಅಂದ್ರೆ ಹೇಳೋಕಾಗಲ್ಲಪ್ಪ. ಕೆಲವ್ರಿಗೆ ಬರುತ್ತೆ, ಅಷ್ಟೆ."

ಒಬ್ಬ ಪ್ರಾಮಾಣಿಕ ಡಾಕ್ಟರು ಹೇಳಬಹುದಾದ ಮಾತೇ ಅದು. ಆದರೆ ಮುನಿರಾಜುವಿನ ತಾಯಿ ಆ ಹೊತ್ತಿಗೆ ಡಾಕ್ಟರನ್ನು ನೋಡುತ್ತಿರಲಿಲ್ಲ, ಟ್ರೇಯನ್ನು ನೋಡುತ್ತಿದ್ದಳು. ಆ ಹಳದಿ, ಆ ನುಣುಪು. ನಿಜ ಹೇಳಬೇಕೆಂದರೆ ಅದು ಥೇಟು ಗಟ್ಟಿ ಕಟ್ಟಿದ ತುಪ್ಪದ ಹಾಗೇ ಇತ್ತು. ಆ ತಾಯಿ ತಿರುಗಿ, ಹಿಂದೆ ಗೋಡೆಗೆ ಒರಗಿ ನಿಂತಿದ್ದ ಆಕೆಯನ್ನು ನೋಡಿದಳು. ಆಕೆಯ ಸೀರೆಯ ಮೇಲೆ ಹಿಂದಿನ ದಿನದ ಕಲೆ ಇನ್ನೂ ಇತ್ತು.

"ತುಪ್ಪ ಕಣೋ! ತುಪ್ಪದಾಗೇ ಆಕವ್ಳೆ ಕಣೋ ರಂಡೆ! ನನ್ ಮಗ ಒಬ್ನಿಗೇ ಬ್ಯಾರೆ ತುಪ್ಪ ಇಕ್ಕಿದ್ಲಂತಲ್ಲೋ!"

"ಡಾಕ್ಟ್ರಿಗೇ ಗೊತ್ತಿಲ್ವಂತೆ ಯಾಕ್ ಬತ್ತದೆ ಅಂತ" ಅಂದ ಭಾವ, ಪರೀಕ್ಷೆಯಲ್ಲಿ ಪಾಸಾದವನ ಹಾಗೆ.

ಸರ್ಜನ್ "ಏನ್ರೀ ಗಲಾಟೆ ಇದು?" ಅಂದು ಟ್ರೇ ತೆಗೆದುಕೊಂಡು ಒಳಗೆ ಹೋದರು. ನಾನು ಏನೇನೋ ಕೂಗಿದೆ, ಕೇಳುವವರು ಯಾರು? ಆಕೆ ಕಾರಿಡಾರಿನ ಕೊನೆಯ ನಲ್ಲಿಯಲ್ಲಿ ಸೆರಗು ತೊಳೆದು ಹಿಂಡಿದಳು. "ಉಡ್ಗ ಬದುಕ್ತಾನಂತಾ?" ಅಂತ ನನ್ನನ್ನು ಕೇಳಿದಳು. ಹೂಂ ಅಂದೆ. "ಅಷ್ಟೇ ಬುಡು" ಅಂದು ಬಸ್ಸು ಹತ್ತಿ ಹೋದಳು.

ನಾನು ಅಷ್ಟೇ ಅಂದುಕೊಂಡಿದ್ದೆ. ಮರುದಿನ ಮೆಸ್ಸಿಗೆ ಹೋದರೆ ಕಲ್ಲು ಬೆಂಚುಗಳು ಅರ್ಧ ಖಾಲಿ. ವಾರ ಕಳೆಯುವಷ್ಟರಲ್ಲಿ ನಾನೂ, ಕನ್ನಡ ಬಾರದೆ ಸುದ್ದಿ ತಿಳಿಯದ ಇಬ್ಬರು ಒರಿಯಾದವರೂ ಮಾತ್ರ ಉಳಿದೆವು. ಆಮೇಲೆ ಯಾರೋ ಪುಣ್ಯಾತ್ಮರು ಅವರಿಗೂ ಕೈಸನ್ನೆ ಮಾಡಿ ಹರುಕು ಹಿಂದಿಯಲ್ಲಿ ತಿಳಿಹೇಳಿದರು. ಅವರೂ ಬರುವುದನ್ನು ನಿಲ್ಲಿಸಿದರು. ನಾನು ಉಳಿದದ್ದು ಧೈರ್ಯದಿಂದ ಅಂತ ಯಾರೂ ತಿಳಿಯಬೇಡಿ, ಬೇರೆ ಕಡೆ ತಿನ್ನಲು ನನಗೆ ಹೇಸಿಗೆ.

ಉಂಡ ಮನೆಯ ಜಂತೆ ಎಣಿಸಬಾರದು ಅನ್ನುತ್ತಾರೆ. ಇವರು ಜಂತೆಯನ್ನಲ್ಲ, ತಾವು ತಿಂದ ತುತ್ತುಗಳನ್ನೇ ಎಣಿಸಲು ಕೂತರು. ಎದುರಿನ ಮಲಯಾಳಿ ಕಾಕಾನ ಟೀ ಅಂಗಡಿಯಲ್ಲಿ ಒಬ್ಬ, ತನಗೆ ಹೋದ ವರ್ಷ ಭೇದಿಯಾದದ್ದು ಯಾಕೆ ಅಂತ ಈಗ ಹೊಳೆಯಿತು ಅಂದ. ಇನ್ನೊಬ್ಬನ ಕೂದಲು ಉದುರಿದ್ದಕ್ಕೂ ಆಕೆಯೇ ಕಾರಣಳಾದಳು. ಬೇರೆ ಲೋಟ ಯಾಕಿಟ್ಟಳು, ಬೇರೆ ತಟ್ಟೆ ಯಾಕೆ, ಮಕ್ಕಳಿಲ್ಲದವಳಿಗೆ ಪರರ ಮಗನ ಮೇಲೆ ಅಷ್ಟು ಅಕ್ಕರೆ ಯಾಕೆ? ಜಿರಲೆ ಬಿದ್ದ ಸಾರನ್ನು ಚೆಲ್ಲಿದಳಲ್ಲ, ಅದರಲ್ಲಿ ಜಿರಲೆಯೇ ಇತ್ತು ಅಂತ ಏನು ಗ್ಯಾರಂಟಿ? ಕೇಳುತ್ತಾ ಕೂತರೆ ಕಿವಿಯನ್ನೇ ತೊಳೆದುಕೊಳ್ಳಬೇಕು ಅನ್ನಿಸುತ್ತಿತ್ತು.

ಪ್ರಯೋಗಾಲಯದ ವರದಿ ಬಂತು. ಬರೀ ಕೊಬ್ಬು, ಅಪಾಯವಿಲ್ಲ. ನಾನು ಗೆದ್ದೆ ಅಂತ ಹಿಗ್ಗಿ ಟೀ ಅಂಗಡಿಗೆ ಹೋಗಿ ಹೇಳಿದೆ. "ನೋಡಿದ್ಯಾ ಗುರು? ಕೊಬ್ಬು ಅಂತಾನೇ ಬಂದೈತೆ. ತುಪ್ಪ ಅಂದ್ರೆ ಕೊಬ್ಬಲ್ವಾ ಮತ್ತೆ?" ಅಂದರು.

ಆದರೂ ಇವರು ಓದು ಬರಹ ಕಮ್ಮಿ ಇದ್ದವರು, ಹೋಗಲಿ. ನನಗೆ ಇವತ್ತಿಗೂ ಹೇಸಿಗೆಯಾಗುವುದು ನಮ್ಮ ತಪಾಸಣೆ ಮುಖ್ಯಸ್ಥನನ್ನು ನೆನೆದರೆ. ಎಂಜಿನಿಯರ್. ಮೈಕ್ರೋಮೀಟರ್ ಹಿಡಿದು, ಕಣ್ಣಿಗೆ ಕಾಣದಷ್ಟು ವ್ಯತ್ಯಾಸಕ್ಕೆ ನಮ್ಮ ಕೆಲಸವನ್ನು ವಾಪಸು ಎಸೆಯುತ್ತಿದ್ದವನು. ಆಕೆಯ ಸೊಪ್ಪಿನ ಸಾರಿಗೆ ಬೆರಳು ನೆಕ್ಕುತ್ತಿದ್ದವನು. "ನೀವಾದ್ರೂ ಬರ್ರಿ ಸರ್, ನೀವು ಬಂದ್ರ ಉಳಿದೋರೂ ಬರ್ತಾರ" ಅಂತ ನಾನು ಅವನನ್ನು ಕರೆದೆ. ಅವನು ಮೆಲ್ಲಗೆ ನಕ್ಕು, "ನಾನೇನು ಇದನ್ನೆಲ್ಲ ನಂಬಲ್ಲ ಕಣ್ರೀ. ಆದ್ರೂ ಯಾಕೆ ಬೇಕು ಹೇಳಿ? ಮನೇಲಿ ಹೆಂಡ್ತಿ ಟಿಫನ್ ಕ್ಯಾರಿಯರ್ ಕಳಿಸ್ತಾಳೆ" ಅಂದ. ನಂಬಿದವನಿಗೆ ಭಯವಾದರೂ ಇರುತ್ತದೆ, ಅವನನ್ನು ಕ್ಷಮಿಸಬಹುದು. ನಂಬದೆ ದೂರ ನಿಂತವನಿಗೆ ಏನು ಹೇಳುವುದು? ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುವ ಜಾತಿ. ಅನ್ನಪೂರ್ಣೆ ಅಂತ ಹೋದ ತಿಂಗಳು ಫೋನು ಮಾಡಿದ್ದು ಇವನೇ.

ನಡುವೆ ಭಾವ ಇಬ್ಬರು ಹಿರಿಯರನ್ನು ಕಟ್ಟಿಕೊಂಡು ಬಂದ. ತಪ್ಪು ಮಾಡಿಲ್ಲ ಅಂದರೆ ದೇವಸ್ಥಾನಕ್ಕೆ ಬಂದು, ಕರ್ಪೂರ ಹಚ್ಚಿ ಆಣೆ ಮಾಡಲಿ, ಅಲ್ಲಿಗೆ ಮುಗಿಯಿತು ಅಂತ ಅವರ ನ್ಯಾಯ. ನಾನೂ, "ಮಾಡಿಬಿಡ್ರಿ ಅಕ್ಕಾ, ಅದರಾಗ ಏನೈತಿ, ಬಾಯಿ ಮುಚ್ಕೋತಾವ" ಅಂದೆ. ಆಕೆ ಒಲೆಯ ಮುಂದಿನಿಂದ ಏಳಲೇ ಇಲ್ಲ. "ಅನ್ನ ಇಕ್ಕಿದ್ ಕೈ ಇದು. ಇದ್ರಾಗೆ ಕರ್ಪೂರ ಅಚ್ಚಾಕಿಲ್ಲ. ಉಂಡೋರ್ನ ಕರ್ಕೊಂಡೋಗಿ ಆಣೆ ಮಾಡ್ಸಿ, ನಾನು ಬೆಂದಿದ್ ಅನ್ನ ಇಕ್ಕುದ್ನೋ ಮದ್ದು ಇಕ್ಕುದ್ನೋ ಅಂತ" ಅಂದಳು. ಹಿರಿಯರು ಎದ್ದು ಹೋದರು. ಆಣೆ ಮಾಡಲಿಲ್ಲ ಅನ್ನುವುದೂ ಸಾಕ್ಷಿಯಾಯಿತು.

ಅಷ್ಟಾದರೂ ಆಕೆಗೆ ಒಂದು ಭರವಸೆ ಇತ್ತು. ಬಾಯಿ ಬಿಟ್ಟು ಹೇಳಲಿಲ್ಲ, ಆದರೆ ದಿನಾ ನನ್ನನ್ನು "ಮುನಿರಾಜ ಯಾವಾಗ ಬತ್ತಾನಂತೆ?" ಅಂತ ಕೇಳುವಳು. ಅವನು ಬಂದು, ಎಲ್ಲರೂ ನೋಡುವ ಹಾಗೆ ಆ ಪಡಸಾಲೆಯಲ್ಲಿ ಕೂತು, ಒಂದು ಹೊತ್ತು ಉಂಡರೆ ಸಾಕಿತ್ತು. ಸಾಯಬೇಕಿದ್ದವನೇ ಉಂಡ ಮೇಲೆ ಬೇರೆಯವರದ್ದೇನು? ನನಗೂ ಹಾಗೇ ಅನ್ನಿಸಿತ್ತು. ಕೊನೆಗೆ ಅವನು ಬಂದ ಮಧ್ಯಾಹ್ನದ ನಂತರ ಕೆಲವೇ ದಿನಗಳಲ್ಲಿ ಆಕೆ ಎಮ್ಮೆ ಮಾರಿ, ಮೆಸ್ಸು ಮುಚ್ಚಿ, ಮಹದೇವಪುರದ ಕಡೆ ಇದ್ದ ತಮ್ಮನ ಮನೆಗೆ ಹೊರಟುಹೋದಳು. ಮತ್ತೆ ಯಾರಿಗೂ ಅಡುಗೆ ಮಾಡಿ ಹಾಕಲಿಲ್ಲ ಅಂತ ಕೇಳಿದೆ. ಆ ಮಧ್ಯಾಹ್ನದ್ದೊಂದು ಹೇಳಿ ಮುಗಿಸುತ್ತೇನೆ.

ಯುಗಾದಿ ಕಳೆದ ಮೇಲಿನ ಬಿಸಿಲು. ಡಾಂಬರು ಮೆತ್ತಗಾಗಿ ಚಪ್ಪಲಿಗೆ ಅಂಟುತ್ತಿತ್ತು. ಮುನಿರಾಜು ಬರುತ್ತಾನೆ ಅಂತ ಸುದ್ದಿ ಮೊದಲೇ ಹರಡಿತ್ತು. ಎದುರಿನ ಟೀ ಅಂಗಡಿಯಲ್ಲಿ ಹಳೆಯ ಊಟದವರೆಲ್ಲ ಏನೂ ಗೊತ್ತಿಲ್ಲದವರ ಹಾಗೆ ಜಮಾಯಿಸಿದ್ದರು. ತಪಾಸಣೆಯವನೂ ಅಲ್ಲೇ ಸಿಗರೇಟು ಹಚ್ಚಿ ನಿಂತಿದ್ದ. ಆಕೆ ಬೆಳಿಗ್ಗೆಯಿಂದ ಒಲೆ ಮುಂದೆ ಇದ್ದಳು. ಅನ್ನ, ಹೆಸರುಬೇಳೆ ತೊವ್ವೆ, ಪಲ್ಯ, ಗಸಗಸೆ ಪಾಯಸ. ನಾನು ಮೂಲೆಯ ಬೆಂಚಿನಲ್ಲಿ ಕೂತಿದ್ದೆ.

ಅವನು ಬಂದ. ಮೈ ತುಂಬಿಕೊಂಡಿದ್ದ, ತುಟಿಗೆ ರಕ್ತ ಬಂದಿತ್ತು. ಬಸ್ ಸ್ಟಾಪಿನಿಂದ ನಡೆದು ಬಂದು ಅಂಗಿಯೆಲ್ಲ ಬೆವರು. ಕೈಯಲ್ಲೊಂದು ಚಿಪ್ಪು ಬಾಳೆಹಣ್ಣು. ಹಣ್ಣನ್ನು ಆಕೆಯ ಮುಂದಿಟ್ಟು ಕಾಲಿಗೆ ಬಿದ್ದ. "ನಿಮ್ಮಿಂದ್ಲೇ ಬದುಕ್ದೆ ಅಕ್ಕಾ" ಅಂದ. ಸುಳ್ಳಲ್ಲ, ಮನಸ್ಸಿನಿಂದಲೇ ಅಂದ.

"ಎದ್ದೇಳು. ಕುಂತ್ಕ, ಉಣ್ಣು." ಅವನ ಕೈಯನ್ನು ಹಿಡಿದು ಮೂಸಿ ನೋಡಲೂ ಇಲ್ಲ.

"ಊಟ ಮಾಡ್ಕೊಂಡೇ ಬಂದೆ ಅಕ್ಕಾ."

"ಅಂಗಾರೆ ಪಾಯಸ ಕುಡಿ ಒಂದ್ ಲೋಟ."

"ಸೀ ತಿನ್ಬ್ಯಾಡ ಅಂದವ್ರೆ ಡಾಕ್ಟ್ರು."

"ಮಜ್ಜಿಗೆ ಕೊಡ್ಲಾ?"

ಅವನು ನೆಲ ನೋಡಿದ. ಆಕೆ ಒಳಗೆ ಹೋಗಿ ಗಡಿಗೆಯಿಂದ ಒಂದು ಲೋಟ ನೀರು ತಂದು ಅವನ ಮುಂದೆ ಹಿಡಿದಳು. ತಣ್ಣಗಿನ ನೀರು, ಲೋಟದ ಹೊರಮೈ ಬೆವರಿತ್ತು. ಅವನು ಲೋಟವನ್ನು ನೋಡಿದ. ರಸ್ತೆಯಾಚೆಯ ಟೀ ಅಂಗಡಿಯನ್ನು ನೋಡಿದ.

"ಬಾಯಾರಿಕೆ ಇಲ್ಲ ಅಕ್ಕಾ" ಅಂದ.

ಆಕೆ ಲೋಟವನ್ನು ಕೆಳಗಿಟ್ಟಳು. ಥೂ ಅನ್ನುತ್ತಾಳೆ ಅಂದುಕೊಂಡೆ, ಅನ್ನಲಿಲ್ಲ. ಅವನು ತಂದ ಚಿಪ್ಪಿನಿಂದ ಒಂದು ಹಣ್ಣು ಮುರಿದು, ಸುಲಿದು, ಅವನನ್ನೇ ನೋಡುತ್ತಾ ತಿಂದಳು. ಪೂರ್ತಿ ತಿಂದಳು. "ಸೆಂದಾಗೈತೆ ಅಣ್ಣು. ನೀನ್ ಕೊಟ್ಟಿದ್ನ ನಾನ್ ತಿಂದೆ ನೋಡು. ಈಗ ಓಗು" ಅಂದಳು.

ಅವನು ಎದ್ದು ಹೋದ. ರಸ್ತೆ ದಾಟಿ, ಟೀ ಅಂಗಡಿಯ ಡ್ರಮ್ಮಿನಿಂದ, ಎಲ್ಲರೂ ಬಾಯಿಟ್ಟು ಕುಡಿಯುವ ಆ ಪಾಚಿಗಟ್ಟಿದ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರು ಮೊಗೆದು ಗಟಗಟ ಕುಡಿದ. ಮತ್ತೆ ಮೊಗೆದು ಕುಡಿದ. ಯಾರೋ ಅವನ ಬೆನ್ನು ತಟ್ಟಿದರು.

ಆಕೆ ಅದನ್ನು ನೋಡಿದಳು. ಆಮೇಲೆ ಸೀದಾ ಒಳಗೆ ಹೋಗಿ ತಟ್ಟೆ ತಂದು ನನ್ನ ಮುಂದಿಟ್ಟಳು. ಅನ್ನ ಹಾಕಿದಳು, ತೊವ್ವೆ ಹಾಕಿದಳು, ಅವನಿಗೆಂದು ಮಾಡಿದ ಪಲ್ಯವನ್ನೆಲ್ಲ ಸುರಿದಳು. ನಾನು ರಸ್ತೆಯ ಕಡೆ ಮುಖ ಮಾಡಿ ಕೂತು ತಿಂದೆ, ಅವರಿಗೆಲ್ಲ ಚೆನ್ನಾಗಿ ಕಾಣಲಿ ಅಂತ. ತಟ್ಟೆ ಖಾಲಿಯಾಗುವ ಮೊದಲೇ ಮತ್ತೆ ಹಾಕಿದಳು. ಹೊಟ್ಟೆ ತುಂಬಿತು, ಬಿಗಿಯಿತು, ನೋಯತೊಡಗಿತು. ಆಕೆ ಕಣ್ಣೊರೆಸಿಕೊಳ್ಳದೆ ಬಡಿಸುತ್ತಲೇ ಇದ್ದಳು. ನಾನು ಸಾಕು ಅನ್ನಲಿಲ್ಲ.